ಜೇನಿನ ಸೈಸನ್ ರುಚಿ ನೋಡುವುದು ಹೇಗೆ? ಬಳ್ಳಾರಿಯ ಮಾಳಿಗೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮ ಮಾಳಿಗೆ ಮೇಲೆ ನಾಲ್ಕು ಜನ ಕೂತು ಬೆಲ್ಜಿಯಂನ ಸೈಸನ್ ಅನ್ನುವ ಬಗೆಯ ಬಿಯರ್ ಬಾಟಲಿಯೊಂದನ್ನು ತೆಗೆದೆವು. ಲೇಬಲ್ ಮೇಲೆ 'ಮಿಯೆಲ್' ಅಂತ ಇತ್ತು. ಫ್ರೆಂಚಿನಲ್ಲಿ ಹಾಗೆಂದರೆ ಜೇನುತುಪ್ಪ. ಕೊಪ್ಪಳದಿಂದ ಬಂದಿದ್ದ ಗೆಳೆಯ ದೊಡ್ಡದೊಂದು ಗುಟುಕು ಕುಡಿದ. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ.

"ಇದ್ರಾಗ ಜೇನು ಎಲ್ಲೈತಪ್ಪಾ? ಸಿಹಿನೇ ಇಲ್ಲಲ್ಲ!"

ಜೇನಿನ ಬಿಯರ್ ಮೊದಲ ಸಲ ಕುಡಿದವರು ಹೆಚ್ಚಾಗಿ ಕೇಳುವುದು ಇದನ್ನೇ. ಬಿಯರ್‌ನಲ್ಲಿ ತಪ್ಪೇನೂ ಇರಲಿಲ್ಲ. ಅವನು ಜೇನನ್ನು ನಾಲಿಗೆಯಲ್ಲಿ ಹುಡುಕುತ್ತಿದ್ದ, ಅದು ಸಿಗುವುದು ಮೂಗಿನಲ್ಲಿ. ಮೂಗಿನಲ್ಲಿ ಹುಡುಕುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. 21 ತುಂಬದವರು, ಮದ್ಯ ಮುಟ್ಟದವರು ಜೇನಿನ ಭಾಗವನ್ನಷ್ಟೇ ಓದಿಕೊಳ್ಳಿ, ಅದೂ ಚೆನ್ನಾಗೇ ಇದೆ.

ಸೈಸನ್ ಅಂದರೆ ಹಂಗಾಮು

ಸೈಸನ್ ಹುಟ್ಟಿದ್ದು ಬೆಲ್ಜಿಯಂನ ದಕ್ಷಿಣಕ್ಕಿರುವ, ಫ್ರೆಂಚ್ ಮಾತಾಡುವ ವಾಲೋನಿಯಾದಲ್ಲಿ. ಪದದ ಅರ್ಥ ಹಂಗಾಮು. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ ಇದ್ದಾಗ ರೈತರು ಮನೆಯಲ್ಲೇ ಬಿಯರ್ ಮಾಡಿಟ್ಟು, ಬೇಸಿಗೆಯಲ್ಲಿ ಕೂಲಿಗೆ ಬಂದವರಿಗೆ ಕೊಡುತ್ತಿದ್ದರು ಅಂತ ಹೇಳುತ್ತಾರೆ. ನಮ್ಮಲ್ಲಿ ಸುಗ್ಗಿಗೆ ಬಂದವರಿಗೆ ಬುತ್ತಿ ಜೊತೆ ಅಂಬಲಿ, ಮಜ್ಜಿಗೆ ಹೋಗುತ್ತಿತ್ತಲ್ಲ, ಹಾಗೆ. ದಾಹ ಹೋಗಬೇಕು, ಹೊಟ್ಟೆ ಭಾರ ಆಗಬಾರದು, ಬಾಯಿ ಅಂಟಬಾರದು. ಸೈಸನ್ ಸಿಹಿ ಉಳಿಯದೆ ಒಣಗಿದ ಹಾಗೆ ಇರುವುದಕ್ಕೆ ಇದೇ ಮೂಲ ಅನ್ನುತ್ತಾರೆ.

ಈ ಬಗೆಯ ಬಿಯರ್‌ಗೆ ಎಲ್ಲರೂ ಮಾದರಿ ಅಂತ ತೋರಿಸುವುದು ತೂರ್ಪ್ ಅನ್ನುವ ಹಳ್ಳಿಯ ಡ್ಯುಪಾಂಟ್ ಬ್ರೂವರಿಯ ಸೈಸನ್, ಅದರಲ್ಲಿ ಆಲ್ಕೋಹಾಲ್ 6.5%. ಅದೇ ಬ್ರೂವರಿ ಜೇನು ಹಾಕಿ ಮಾಡುವ ಬಿಯರ್‌ನಲ್ಲಿ 8%. ಇವರ ಯೀಸ್ಟ್, ಅಂದರೆ ಬಿಯರ್ ಹುದುಗಿಸುವ ಸೂಕ್ಷ್ಮಜೀವಿ, ಅದರದು ವಿಚಿತ್ರ ಗುಣ. ಬೇರೆ ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಯೀಸ್ಟ್‌ಗಳಿಗೆ 20 ಡಿಗ್ರಿ ಆಸುಪಾಸು ಹಿತ. ಇದಕ್ಕೆ 30 ದಾಟಿದರೇ ಖುಷಿ. ನಮ್ಮೂರಿನ ಸ್ವಭಾವದ ಯೀಸ್ಟ್ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಈಗ ಸಿಹಿ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ. ಜೇನುತುಪ್ಪದಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ, ಉಳಿದದ್ದು ಹೆಚ್ಚಾಗಿ ನೀರು. ಆ ಸಕ್ಕರೆಯಲ್ಲಿ ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಯೀಸ್ಟ್‌ಗೆ ಇದು ಬಾಯಿಗಿಟ್ಟ ತುತ್ತು, ಹೆಚ್ಚುಕಡಿಮೆ ಎಲ್ಲವನ್ನೂ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ. ಬಾರ್ಲಿ ಮಾಲ್ಟ್‌ನಲ್ಲಾದರೆ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಯೀಸ್ಟ್‌ಗೆ ಜೀರ್ಣವಾಗದ ಪದಾರ್ಥ ಒಂದಿಷ್ಟು ಉಳಿದು ಬಾಯಿಗೆ ದಪ್ಪ ಕೊಡುತ್ತದೆ. ಜೇನಿನಲ್ಲಿ ಅದೂ ಇಲ್ಲ. ಹಾಗಾಗಿ ಜೇನು ಹಾಕಿದಷ್ಟೂ ಬಿಯರ್ ತೆಳುವಾಗುತ್ತದೆ, ಇನ್ನೂ ಒಣಗುತ್ತದೆ. ಉಳಿಯುವುದು ಹೂವಿನ ವಾಸನೆ, ಒಂಚೂರು ಮೇಣದ ವಾಸನೆ. ಕುದಿಸಿದರೆ ಅದೂ ಹಾರಿಹೋಗುತ್ತದೆ. ಅದಕ್ಕೇ ಒಳ್ಳೆ ಬ್ರೂವರ್‌ಗಳು ಜೇನನ್ನು ಕುದಿಯ ಕೊನೆಗೋ, ಹುದುಗು ಶುರುವಾದ ಮೇಲೋ ಹಾಕುತ್ತಾರೆ.

ಹೆಜ್ಜೆ 1: ಬಾಟಲಿ ಹೊಂದಿಸಿ, ಬಿಸಿಲಿನಿಂದ ಕಾಪಾಡಿ

ಬಳ್ಳಾರಿಯ ವೈನ್ ಶಾಪಿನಲ್ಲಿ ಸೈಸನ್ ಕೇಳಿದರೆ ಸ್ಟ್ರಾಂಗ್ ಲಾಗರ್, ಅಂದರೆ ಎಲ್ಲ ಕಡೆ ಸಿಗುವ ಮಾಮೂಲಿ ಬಿಯರ್, ಕೈಗಿಡುತ್ತಾರೆ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಆಗಾಗ ಸೈಸನ್ ಮಾಡುತ್ತವೆ, ಅಲ್ಲಿಗೆ ಹೋದಾಗ ಕುಡಿದು ನೋಡಬಹುದು. ಇಲ್ಲದಿದ್ದರೆ ವಿದೇಶದಿಂದ ಬರುವ ನೆಂಟರನ್ನು ಹಿಡಿಯಬೇಕು. ದೊಡ್ಡವರೊಬ್ಬರು 2 ಲೀಟರ್ ತನಕ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಅಂದರೆ 750 ಮಿಲಿಯ ಎರಡು ಬಾಟಲಿ ಆರಾಮಾಗಿ ಬರುತ್ತವೆ.

ಬಂದ ಬಾಟಲಿಯನ್ನು ಎಲ್ಲಿಡುತ್ತೀರಿ ಅನ್ನುವುದರಲ್ಲೇ ಅರ್ಧ ರುಚಿ ಇದೆ. ನನ್ನ ಮೊದಲ ಬಾಟಲಿಯನ್ನು ಹಬ್ಬಕ್ಕೆ ಇರಲಿ ಅಂತ ಬೆಡ್‌ರೂಮಿನ ಅಲ್ಮಾರಿ ಮೇಲೆ ಇಟ್ಟಿದ್ದೆ. ಏಪ್ರಿಲ್ ತಿಂಗಳು, ಮೇಲೆ ಆರ್‌ಸಿಸಿ ಛಾವಣಿ. ಮೂರು ವಾರ ಬಿಟ್ಟು ತಂತಿ ಸಡಿಲ ಮಾಡಿದೆ ಅಷ್ಟೆ, ಬಿರಡೆ ಫ್ಯಾನಿಗೆ ಬಡಿದು ಅರ್ಧ ಬಿಯರ್ ಗೋಡೆಗೆ ಹೋಯಿತು. ಉಳಿದರ್ಧದಲ್ಲಿ ನೆನೆದ ರಟ್ಟಿನ ವಾಸನೆ. ತಪ್ಪು ಪೂರ್ತಿ ನನ್ನದೇ.

ಹಾಗಾಗಿ ಬಂದ ದಿನವೇ ಫ್ರಿಜ್ಜಿಗೆ ಹಾಕಿ, ನಿಲ್ಲಿಸಿಯೇ ಇಡಿ. ಹಸಿರು ಗಾಜಿನ ಬಾಟಲಿಯಾದರೆ ಪೇಪರ್ ಸುತ್ತಿ. ಬೆಳಕು ಬಿದ್ದರೆ ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ನಾತ ಹೊಡೆಯುವ ಗಂಧಕದ ಪದಾರ್ಥವಾಗುತ್ತದೆ. ಹಸಿರು ಗಾಜು ಆ ಬೆಳಕನ್ನು ಅಷ್ಟಾಗಿ ತಡೆಯಲ್ಲ, ಕಂದು ಗಾಜು ಬಹಳಷ್ಟು ತಡೆಯುತ್ತದೆ. ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ಇದಕ್ಕೆ ಕೆಲವು ನಿಮಿಷ ಸಾಕು. ಫ್ರೀಜರ್‌ಗಂತೂ ಬೇಡವೇ ಬೇಡ, ಬಾಟಲಿ ಒಡೆಯುತ್ತದೆ.

ಹೆಜ್ಜೆ 2: ಮೊದಲು ಜೇನನ್ನೇ ಕಲಿಯಿರಿ

ಬಿಯರ್ ಮುಟ್ಟುವ ಹಿಂದಿನ ದಿನ ಮಾಡುವ ಕೆಲಸ ಇದು. ಸುಮ್ನೆ ಬಿಟ್ಟುಬಿಡೋಣ ಅನ್ನಿಸುತ್ತದೆ, ಬಿಡಬೇಡಿ. ಗೊತ್ತಿಲ್ಲದ ವಾಸನೆಯನ್ನು ಮೂಗು ಹುಡುಕಲಾರದು.

ಎರಡು ಮೂರು ಬಗೆಯ ಜೇನುತುಪ್ಪ ತನ್ನಿ. ಸಂಡೂರಿನ ಕಾಡಿನ ಕಡೆಯ ಹೆಜ್ಜೇನು ಗುರುತಿನವರ ಹತ್ತಿರ ಸಿಕ್ಕರೆ ಒಳ್ಳೆಯದು. ಸೂರ್ಯಕಾಂತಿ ಜೇನು ಇನ್ನೊಂದು. ಇದು ಬೇಗ ಸಕ್ಕರೆಗಟ್ಟುತ್ತದೆ. ಅದರಲ್ಲಿ ಗ್ಲೂಕೋಸ್ ಜಾಸ್ತಿ ಇರುವುದು ಕಾರಣ, ಕಲಬೆರಕೆ ಅಂತ ಎಸೆಯಬೇಡಿ. ಮೂರನೆಯದು ಅಂಗಡಿಯ ಮಾಮೂಲಿ ಬ್ರ್ಯಾಂಡಿನ ಬಾಟಲಿ. ರಸ್ತೆ ಬದಿ ಬಕೆಟ್‌ನಲ್ಲಿ ಜೇನುಹುಟ್ಟು ತೋರಿಸಿ ಮಾರುವವರ ಹತ್ತಿರ ನಾನಂತೂ ಕೊಳ್ಳಲ್ಲ. ಹುಟ್ಟು ನಿಜವಾದದ್ದೇ ಇರಬಹುದು, ಕೆಳಗಿನ ಪಾಕದ ಬಗ್ಗೆ ನನಗೆ ಅನುಮಾನ.

ಒಂದೊಂದು ಜೇನನ್ನೂ ಒಂದು ಚಮಚ ತೆಗೆದು ಅರ್ಧ ಲೋಟ ಉಗುರುಬೆಚ್ಚನೆ ನೀರಿಗೆ ಕಲಸಿ. ನೀರಿಗೆ ಬಿದ್ದರೆ ವಾಸನೆ ಬಿಚ್ಚಿಕೊಳ್ಳುತ್ತದೆ. ಮೂಸಿ ನೋಡಿ. ಒಂದು ಹೂವಿನ ಹಾಗೆ, ಒಂದು ಬೆಲ್ಲದ ಪಾಕದ ಹಾಗೆ, ಇನ್ನೊಂದು ಮರದ ತೊಗಟೆಯ ಹಾಗೆ ಕಾಣಬಹುದು. ಬೇವು ಹೂ ಬಿಡುವ ಕಾಲದ ಜೇನಾದರೆ ಹಿಂದೊಂದು ಸಣ್ಣ ಕಹಿಯೂ ಸಿಗಬಹುದು.

ಈಗ ಮುಖ್ಯವಾದ ಆಟ. ಬೆರಳಿನಿಂದ ಮೂಗು ಗಟ್ಟಿಯಾಗಿ ಮುಚ್ಚಿಕೊಳ್ಳಿ. ಒಂದು ಹನಿ ಜೇನನ್ನು ನಾಲಿಗೆ ಮೇಲೆ ಇಟ್ಟು ಚಪ್ಪರಿಸಿ. ಬರೀ ಸಿಹಿ ಅಲ್ವಾ? ಸಕ್ಕರೆ ಪಾಕಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ. ಬಾಯಲ್ಲಿ ಜೇನು ಇರುವಾಗಲೇ ಮೂಗು ಬಿಟ್ಟು ಉಸಿರು ಹೊರಗೆ ಬಿಡಿ. ತಟ್ಟಂತ ಹೂವು, ಮೇಣ, ಕಾಡು ಎಲ್ಲ ಒಟ್ಟಿಗೆ ಬಂತು ನೋಡಿ. ಬಾಯಿಂದ ಗಂಟಲ ಹಿಂಬದಿ ಹತ್ತಿ ಮೂಗಿಗೆ ಹೋದ ವಾಸನೆ ಅದು. ಯೀಸ್ಟ್ ತಿನ್ನುವುದು ಮೊದಲರ್ಧವನ್ನು, ಬಿಯರ್‌ನಲ್ಲಿ ನೀವು ಹುಡುಕಬೇಕಾದದ್ದು ಎರಡನೇ ಅರ್ಧವನ್ನು. ನಮ್ಮ ಕೊಪ್ಪಳದ ಗೆಳೆಯನಿಗೆ ಇದನ್ನು ಮಾಡಿಸಿದ ಮೇಲೆ "ಓ, ಹಂಗಾ!" ಅಂದ. ಅಲ್ಲಿ ತನಕ ವಾದ ಮಾಡುತ್ತಲೇ ಇದ್ದ.

ಹೆಜ್ಜೇನಿನ ಬಾಟಲಿ ಬೇಸಿಗೆಯಲ್ಲಿ ತಾನಾಗಿ ನೊರೆ ಬಂದು, ಮುಚ್ಚಳ ತೆಗೆದರೆ 'ಟಪ್' ಅನ್ನುವುದನ್ನು ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ. "ಜೇನು ಹುಳಿ ಬಂತು" ಅಂತ ಎಸೆಯುತ್ತಾರೆ. ಹೆಜ್ಜೇನಿನಲ್ಲಿ ನೀರಿನ ಪಾಲು ಜಾಸ್ತಿ, 20% ದಾಟುವುದೂ ಉಂಟು. ಅಷ್ಟು ನೀರಿದ್ದರೆ ಒಳಗಿನ ಕಾಡು ಯೀಸ್ಟ್ ಎದ್ದು ಕೆಲಸ ಶುರು ಮಾಡುತ್ತದೆ. ಆ ಬಾಟಲಿಯನ್ನು ಎಸೆಯುವ ಮೊದಲು ಒಮ್ಮೆ ಮೂಸಿ. ಹುದುಗಿದ ಜೇನಿನ ವಾಸನೆಗೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಜೊತೆಗೆ ಅಡುಗೆಮನೆಯಿಂದ ಒಂದು ಲವಂಗ, ನಾಲ್ಕು ಕಾಳುಮೆಣಸು, ಒಂದು ಚಿಟಿಕೆ ಹವೀಜ, ಕಿತ್ತಳೆ ಸಿಪ್ಪೆ, ಕಳಿತ ಬಾಳೆಹಣ್ಣು ತಂದು ಜಜ್ಜಿ ಮೂಸಿಡಿ. ಇವೆಲ್ಲ ಸೈಸನ್‌ನಲ್ಲಿ ಎದುರಾಗುವ ನೆಂಟರು. ತಮಾಷೆ ಏನೆಂದರೆ, ಎಷ್ಟೋ ಸೈಸನ್‌ಗಳಿಗೆ ಒಂದೇ ಒಂದು ಮಸಾಲೆ ಕಾಳೂ ಬಿದ್ದಿರಲ್ಲ. ಧಾನ್ಯದ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಬದಲಾಯಿಸಿ ಲವಂಗದಂಥ ವಾಸನೆ ಮಾಡುತ್ತದೆ. ಹಣ್ಣಿನ ವಾಸನೆಯೂ ಅದರದೇ ಕೈಚಳಕ.

ಹೆಜ್ಜೆ 3: ಜಾಗ, ಹೊತ್ತು, ಲೋಟ

ಹೊತ್ತು ಮುಳುಗಿದ ಮೇಲೆ ಕೂರಿ. ಅದಕ್ಕೂ ಒಂದು ಗಂಟೆ ಮೊದಲಿನಿಂದ ಎಲೆ-ಅಡಿಕೆ, ಸಿಗರೇಟು, ಕಾಫಿ ಯಾವುದೂ ಬೇಡ. ಊದುಬತ್ತಿ ಆರಿಸಿ. ಕೂಲರ್‌ಗೆ ಲಾವಂಚದ ತಟ್ಟಿ ಹಾಕಿಸಿದ್ದರೆ ಅದನ್ನೂ ನಿಲ್ಲಿಸಿ. ಅದರ ಘಮ ಎಷ್ಟು ಚೆಂದವೋ ಅಷ್ಟೇ ಜೋರು, ಪಾಪದ ಜೇನು ಅದರ ಮುಂದೆ ನಿಲ್ಲಲ್ಲ. ನಾವು ಮಾಳಿಗೆ ಹತ್ತಿದ್ದು ಈ ಕಾರಣಕ್ಕೇ.

ಲೋಟ ಗಾಜಿನದಿರಲಿ, ಹೊಟ್ಟೆ ಅಗಲ, ಬಾಯಿ ಕಿರಿದು. ವೈನ್ ಗ್ಲಾಸ್ ಸಾಕು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣಲ್ಲ, ವಾಸನೆಯೂ ನಿಲ್ಲಲ್ಲ. ಮಜ್ಜಿಗೆ, ಹಾಲು ಕುಡಿದ ಗಾಜಿನಲ್ಲಿ ಜಿಡ್ಡು ಉಳಿದಿದ್ದರೆ ನೊರೆ ಕ್ಷಣದಲ್ಲಿ ಸಾಯುತ್ತದೆ. ತೊಳೆದ ಲೋಟವನ್ನು ಒದ್ದೆ ಮಾಡಿ ಒಳಗೆ ಪುಡಿ ಉಪ್ಪು ಉದುರಿಸಿ ನೋಡಿ. ಉಪ್ಪು ಎಲ್ಲ ಕಡೆ ಸಮನಾಗಿ ಅಂಟಿದರೆ ಲೋಟ ಶುದ್ಧ, ಅಲ್ಲಲ್ಲಿ ಜಾರಿದರೆ ಜಿಡ್ಡಿದೆ. ಆಮೇಲೆ ಉಪ್ಪು ತೊಳೆದು ಬೋರಲು ಹಾಕಿ. ಬಟ್ಟೆಯಿಂದ ಒರೆಸಬೇಡಿ, ಅಡುಗೆಮನೆ ಬಟ್ಟೆಗೆ ಒಗ್ಗರಣೆ ವಾಸನೆ ಇರುತ್ತದೆ.

ಐಸ್ ಮಾಡಿದ ಲೋಟವೂ ಬೇಡ, ನಾಲಿಗೆ ಮರಗಟ್ಟುತ್ತದೆ. ಆದರೆ ಮೇ ತಿಂಗಳಲ್ಲಿ ನಮ್ಮ ಲೋಟಗಳೇ ಬೆಚ್ಚಗಿರುತ್ತವಲ್ಲ! ಸುರಿಯುವ ಮೊದಲು ಮಣ್ಣಿನ ಹೂಜಿಯ ನೀರಿನಲ್ಲಿ ಒಮ್ಮೆ ಅದ್ದಿ ಕೊಡವಿ. ಅಷ್ಟು ತಂಪು ಸಾಕು.

ಹೆಜ್ಜೆ 4: ತೆಗೆಯುವುದು, ಸುರಿಯುವುದು

ಮಾಮೂಲಿ ಲಾಗರ್‌ನಲ್ಲಿ ಅದರ ಅಳತೆಯ ಎರಡೂವರೆ ಪಟ್ಟು ಗ್ಯಾಸ್ ಕರಗಿರುತ್ತದೆ, ಸೈಸನ್‌ನಲ್ಲಿ ಮೂರು ಪಟ್ಟು ದಾಟುವುದುಂಟು. ಬಿರಡೆಯ ಬಾಟಲಿಯಾದರೆ ಟವೆಲ್ ಸುತ್ತಿ, ಯಾರ ಮುಖಕ್ಕೂ ಹಿಡಿಯದೆ, ತಂತಿ ಬಿಚ್ಚಿದ ಕೂಡಲೇ ಹೆಬ್ಬೆರಳಿಂದ ಬಿರಡೆ ಒತ್ತಿ ಹಿಡಿಯಿರಿ. ಬಿರಡೆ ತಿರುಗಿಸಬೇಡಿ, ಬಾಟಲಿ ತಿರುಗಿಸಿ. ನಿಧಾನಕ್ಕೆ ಉಸಿರು ಬಿಟ್ಟ ಹಾಗೆ ಬಿಚ್ಚಿಕೊಳ್ಳಬೇಕು.

ಲೋಟ ಓರೆ ಮಾಡಿ ಗೋಡೆಗುಂಟ ಸುರಿಯಿರಿ, ಅರ್ಧವಾದ ಮೇಲೆ ನೆಟ್ಟಗೆ ಹಿಡಿದು ನೊರೆ ಎಬ್ಬಿಸಿ. ಲೋಟದ ಮೂರನೇ ಒಂದು ಭಾಗ ಬಿಯರ್ ಸಾಕು, ಉಳಿದ ಜಾಗ ವಾಸನೆಗೆ ಬೇಕು. ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಬಿಡಿ. ಅಲ್ಲಿರುವುದು ಯೀಸ್ಟ್‌ನ ಗಷ್ಟು, ಅದಕ್ಕೆ ಆಮೇಲೆ ಬರೋಣ.

ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಬಣ್ಣ ಕರಗಿದ ತುಪ್ಪದ ಹಾಗೆ, ತುಸು ಮಂಜು. ನೊರೆ ಬೆಳ್ಳಗೆ, ಬಿಗಿಯಾಗಿ ನಿಂತಿರಬೇಕು. ಗುಳ್ಳೆ ಸಣ್ಣ ಸಣ್ಣವು, ಎಡೆಬಿಡದೆ ಏಳುತ್ತಿರಬೇಕು.

ಹೆಜ್ಜೆ 5: ಮೂಗಿಗೆ ಮೂರು ಸರದಿ

ಮೊದಲ ಸರದಿಯಲ್ಲಿ ಲೋಟ ಅಲುಗಿಸಬೇಡಿ. ಮೂಗಿನ ಕೆಳಗೆ ತಂದು ಮೂರು ಸಣ್ಣ ಉಸಿರು, ನಾಯಿ ಮೂಸಿದ ಹಾಗೆ. ಉದ್ದ ಉಸಿರೆಳೆದರೆ ಮೂಗು ಬೇಗ ಸೋಲುತ್ತದೆ. ಈ ಸರದಿಯಲ್ಲಿ ಕಾಳುಮೆಣಸು, ಲವಂಗ, ಕಿತ್ತಳೆ ಮುಂದೆ ಬರುತ್ತವೆ. ಜೇನು ಬರದಿದ್ದರೆ ಬೇಜಾರು ಬೇಡ.

ಎರಡನೇ ಸರದಿಗೆ ಲೋಟ ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಜೋರಾಗಿ ಬೇಡ, ಉಕ್ಕುತ್ತದೆ. ಈಗ ಹೊಟ್ಟು, ಒಣಮೇವು, ಬಣವೆ ಹತ್ತಿರ ನಿಂತ ಹಾಗಿನ ವಾಸನೆ ಬರಬಹುದು. ರಾಯಚೂರು ಕಡೆಯ ನೆಂಟರೊಬ್ಬರು "ಸೇಂದಿ ನೆನಪಾತು ನೋಡ್ರಿ" ಅಂದಿದ್ದರು. ತಪ್ಪೇನಿಲ್ಲ, ಈಚಲು ಮರದ ಸೇಂದಿಯಲ್ಲೂ ಕೆಲಸ ಮಾಡುವುದು ಯೀಸ್ಟೇ.

ಮೂರನೆಯದಕ್ಕೆ ಮೊದಲು ನಿಮ್ಮ ಮೊಣಕೈ ಮಡಿಕೆಯನ್ನು ಮೂಸಿ. ಹುಚ್ಚಾಟ ಅನ್ನಿಸಬಹುದು, ಆದರೆ ನಿಮ್ಮದೇ ಚರ್ಮದ ವಾಸನೆ ಮೂಗಿಗೆ ಬಿಡುವು ಕೊಡುತ್ತದೆ. ಆಮೇಲೆ ಲೋಟದ ಬಾಯಿಯನ್ನು ಅಂಗೈಯಿಂದ ಹತ್ತು ಎಣಿಸುವ ತನಕ ಮುಚ್ಚಿ, ಕೈ ತೆಗೆದ ತಕ್ಷಣ ಮೂಸಿ. ಜೇನು ಇದ್ದರೆ ಈಗ ಸಿಗಬೇಕು. ಹಿಂದಿನ ದಿನ ನೀರಿಗೆ ಕಲಸಿದ ಜೇನಿನ ನೆನಪು, ಆದರೆ ಸಿಹಿಯ ಭಾರ ತೆಗೆದದ್ದು.

ಇಲ್ಲೊಂದು ಎಚ್ಚರ. ಬಿಯರ್ ಹಳತಾದರೂ ಜೇನಿನಂಥ ವಾಸನೆ ಬರುತ್ತದೆ! ಗಾಳಿ, ಬಿಸಿ ತಾಗಿದ ತೆಳು ಬಣ್ಣದ ಲಾಗರ್‌ನಲ್ಲೂ ಇದು ಸಿಗುತ್ತದೆ, ಅದಕ್ಕೆ ಒಂದು ಹನಿ ಜೇನೂ ಬಿದ್ದಿರಲ್ಲ. ಬೇರ್ಪಡಿಸುವುದು ಹೇಗೆ? ಹಳಸಿದ ಜೇನು ವಾಸನೆಯ ಬೆನ್ನಿಗೆ ನೆನೆದ ರಟ್ಟು, ಒಣದ್ರಾಕ್ಷಿ ಬರುತ್ತವೆ. ನಿಜವಾದದ್ದರ ಬೆನ್ನಿಗೆ ಹೂವು, ಮೇಣ ಬರುತ್ತವೆ. ಅನುಮಾನ ಬಂದರೆ ಲೇಬಲ್ಲಿನ ತಾರೀಕು ನೋಡಿ. "ಜೇನು ಎಷ್ಟು ಚೆನ್ನಾಗಿ ಬಂದಿದೆ!" ಅಂತ ಹಳಸಲು ಬಿಯರ್ ಹೊಗಳಿದ ಜನರಲ್ಲಿ ನಾನೂ ಒಬ್ಬ.

ಹೆಜ್ಜೆ 6: ನಾಲಿಗೆ

ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ಬಾಯಿ ತೊಳೆಯಲಿಕ್ಕೆ. ಎರಡನೆಯದನ್ನು ಬಾಯಲ್ಲಿ ಮೂರು ಎಣಿಸುವ ತನಕ ಆಡಿಸಿ ನುಂಗಿ. ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಹೊರಗೆ ಬಿಡಿ. ಹಿಂದಿನ ದಿನದ ಮೂಗು ಮುಚ್ಚುವ ಆಟ ನೆನಪಿದೆಯಲ್ಲ, ಅದೇ ದಾರಿ. ಜೇನು ಈ ಉಸಿರಿನಲ್ಲಿದೆ.

ನಾಲಿಗೆ ಮೇಲೆ ಏನಾಗುತ್ತದೆ? ತುದಿಯಲ್ಲಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹೋಗುವ ಮೆದು ಸಿಹಿ. ಆಮೇಲೆ ಗ್ಯಾಸ್ ಚುಚ್ಚುತ್ತದೆ, ಸಣ್ಣ ಹುಳಿ, ಕೊನೆಗೆ ಒಣ ಕಹಿ. ಯುಗಾದಿಯ ಬೇವು-ಬೆಲ್ಲದಲ್ಲಿ ಬೆಲ್ಲ ಕರಗಿದ ಮೇಲೆ ಉಳಿಯುತ್ತದಲ್ಲ, ಅದರ ನೆರಳಿನಷ್ಟು ಕಹಿ. ನುಂಗಿದ ಹತ್ತು ಸೆಕೆಂಡಿನಲ್ಲಿ ಬಾಯಿ ಇನ್ನೊಂದು ಗುಟುಕು ಕೇಳಬೇಕು. ಅಂಟಂಟು ಉಳಿದರೆ ಅದು ಸೈಸನ್ ಆಗಿ ಸೋತಿದೆ, ಜೇನಿನ ಹೆಸರಲ್ಲಿ ಮಾಫಿ ಇಲ್ಲ.

ಗುಟುಕಿನ ನಡುವೆ ನೀರು ಮತ್ತು ಒಗ್ಗರಣೆ ಹಾಕದ ಸಾದಾ ಮಂಡಕ್ಕಿ. ನಾಲಿಗೆ ಒರೆಸಲು ಮಂಡಕ್ಕಿಯಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಮಧ್ಯದಲ್ಲಿ ಜೇನು ನೆಕ್ಕಬೇಡಿ. ಸಿಹಿ ತಿಂದು ಕುಡಿದರೆ ಬಿಯರ್ ಹುಳಿ ಹುಣಸೆಯಾಗುತ್ತದೆ.

ಹೆಜ್ಜೆ 7: ಬಿಸಿಯಾಗಲು ಬಿಡಿ

ಫ್ರಿಜ್ಜಿನಿಂದ ಬಂದ ಬಿಯರ್ ಲೋಟಕ್ಕೆ ಬೀಳುವಾಗ 7 ಡಿಗ್ರಿ ಆಸುಪಾಸು ಇರುತ್ತದೆ. ಅಷ್ಟು ತಂಪಿನಲ್ಲಿ ಗ್ಯಾಸು, ಕಹಿ ಮುಂದೆ, ವಾಸನೆ ಹಿಂದೆ. 12-13 ಡಿಗ್ರಿಗೆ ಬಂದಾಗ ಜೇನು ಬಿಚ್ಚಿಕೊಳ್ಳುತ್ತದೆ. ಬೇರೆ ಊರಿನವರು ಇದಕ್ಕೆ ಲೋಟವನ್ನು ಅಂಗೈಯಲ್ಲಿ ಹಿಡಿದು ಕಾಯಿಸುತ್ತಾರೆ. ಬಳ್ಳಾರಿಯ ಸಂಜೆಗೆ ಆ ತಾಪತ್ರಯ ಇಲ್ಲ, ಹತ್ತು ಹದಿನೈದು ನಿಮಿಷ ಸುಮ್ನೆ ಕೂತರೆ ಆಯಿತು. ಜಾಸ್ತಿ ಕೂತರೆ ಆಲ್ಕೋಹಾಲ್ ಮೂಗಿಗೆ ಹೊಡೆಯಲು ಶುರುವಾಗುತ್ತದೆ. ಆ ನಡುವಿನ ಹೊತ್ತನ್ನು ಹಿಡಿಯಬೇಕು.

ಈಗ ತಳದ ಎರಡು ಬೆರಳಿನ ಬಿಯರ್. ಬಾಟಲಿ ಮೆಲ್ಲಗೆ ಸುತ್ತಿಸಿ ಗಷ್ಟು ಎಬ್ಬಿಸಿ ಬೇರೆ ಲೋಟಕ್ಕೆ ಹಾಕಿ. ರೊಟ್ಟಿ ಹಿಟ್ಟಿನ ಹಾಗೆ, ಬ್ರೆಡ್ಡಿನ ಹಾಗೆ ದಪ್ಪ ರುಚಿ. ಕೆಲವರಿಗೆ ಇದೇ ಇಷ್ಟ. ನನಗೆ ಜೇನು ಮುಚ್ಚಿಹೋಗುತ್ತದೆ ಅನ್ನಿಸುತ್ತದೆ.

ಅಳತೆ ಮರೆಯಬೇಡಿ. 8% ಬಿಯರ್ 750 ಮಿಲಿ ಅಂದರೆ 60 ಮಿಲಿ ಶುದ್ಧ ಆಲ್ಕೋಹಾಲ್. ನಾಲ್ಕು ಜನರಿಗೆ ಹಂಚಿದರೆ ತಲೆಗೆ 15 ಮಿಲಿ, ರುಚಿ ನೋಡಲು ಧಾರಾಳ. ಗಾಡಿ ಕೀಲಿ ಮೊದಲೇ ಮನೆಯವರ ಕೈಗೆ ಕೊಟ್ಟು ಕೂರಿ.

ಹೆಜ್ಜೆ 8: ಬರೆದಿಡಿ

'ಚೆನ್ನಾಗಿದೆ' ಅಂತ ಬರೆದರೆ ಮುಂದಿನ ಸಲಕ್ಕೆ ಏನೂ ಉಳಿಯಲ್ಲ. ಆ ಸಂಜೆಯ ನನ್ನ ಚೀಟಿ ಹೀಗಿತ್ತು: "ಮೂಗು: ಮೊದಲು ಮೆಣಸು, ಕಿತ್ತಳೆ ಸಿಪ್ಪೆ. ಕೈ ಮುಚ್ಚಿ ತೆಗೆದಾಗ ಜೇನುಮೇಣ, ಹಳೆ ಮರದ ಪೆಟ್ಟಿಗೆ. ಬಾಯಿ: ಒಣ, ಚುರುಕು, ಸಿಹಿ ಬಂದು ಓಡಿತು. ಹದಿನೈದು ನಿಮಿಷ ಬಿಟ್ಟು: ಹೂವು ಜಾಸ್ತಿ, ಲವಂಗ ಕಡಿಮೆ. ತಳ: ಬ್ರೆಡ್, ಬೇಡ." ನಿಮ್ಮ ಪದ ನಿಮ್ಮವೇ ಇರಲಿ. ನಿಮಗೆ ಹಗೇವಿನ ಜೋಳ ನೆನಪಾದರೆ ಅದನ್ನೇ ಬರೆಯಿರಿ.

ಜೊತೆಗೆ ಏನು ತಿನ್ನಬೇಕು?

ಬಳ್ಳಾರಿಯವರಿಗೆ ಮೊದಲು ನೆನಪಾಗುವುದು ಒಗ್ಗರಣೆ-ಮಿರ್ಚಿ. ರುಚಿ ನೋಡುವಾಗ ಬೇಡ. ಮಿರ್ಚಿಯ ಖಾರವನ್ನು ಗ್ಯಾಸೂ ಆಲ್ಕೋಹಾಲೂ ಸೇರಿ ಎರಡರಷ್ಟು ಮಾಡುತ್ತವೆ, ಆಮೇಲೆ ಜೇನೂ ಇಲ್ಲ, ಲವಂಗವೂ ಇಲ್ಲ. ಚೀಟಿ ಬರೆದು ಮುಗಿದ ಮೇಲೆ ತಿನ್ನಿ, ಬೇಡ ಅಂದವರು ಯಾರು? ಬಿಯರ್ ಜೊತೆಗೇ ಬೇಕಾದರೆ ಖಡಕ್ ಜೋಳದ ರೊಟ್ಟಿ, ಬೆಣ್ಣೆ, ಖಾರ ಕಡಿಮೆ ಇರುವ ಶೇಂಗಾ ಚಟ್ನಿಪುಡಿ. ಬೆಣ್ಣೆಯ ಜಿಡ್ಡನ್ನು ಗ್ಯಾಸ್ ಕತ್ತರಿಸುತ್ತದೆ, ಶೇಂಗಾದ ಹುರಿದ ವಾಸನೆಗೂ ಜೇನಿಗೂ ಚೆನ್ನಾಗಿ ಹೊಂದುತ್ತದೆ. ತುಂಗಭದ್ರೆಯ ಮೀನು ಹುರಿದದ್ದಿದ್ದರೆ ನಿಂಬೆ ಹಿಂಡಬೇಡಿ, ಆ ಹುಳಿಯ ಕೆಲಸ ಬಿಯರ್ ಮಾಡುತ್ತದೆ. ಶೇಂಗಾ ಹೋಳಿಗೆ ಜೊತೆ ಮಾತ್ರ ಕೆಟ್ಟ ಜೋಡಿ, ನಾನು ಮಾಡಿ ನೋಡಿಯಾಗಿದೆ.

ಸೈಸನ್ ಸಿಗುವ ತನಕ ಮನೆಯಲ್ಲೇ ಒಂದು ತಾಲೀಮು ಮಾಡಬಹುದು. ಹೂಗಾರ್ಡನ್ ಅನ್ನುವ ಬಿಯರ್ ಒಂದು ಬಾಟಲಿ ತನ್ನಿ. ಇದೂ ಬೆಲ್ಜಿಯಂ ಬಗೆಯದು, ಗೋಧಿ, ಹವೀಜ, ಕಿತ್ತಳೆ ಸಿಪ್ಪೆ ಹಾಕಿದ್ದು. ಎರಡು ಲೋಟಕ್ಕೆ ಸಮ ಹಾಕಿ, ಒಂದಕ್ಕೆ ಅರ್ಧ ಚಮಚ ಜೇನು ಕಲಸಿ. ನೊರೆ ಉಕ್ಕುತ್ತದೆ, ಕೆಳಗೆ ತಟ್ಟೆ ಇಡಿ. ಕುಡಿದರೆ ಒಂದು ಬಿಯರ್, ಇನ್ನೊಂದು ಶರಬತ್ತು. ನಮ್ಮ ಕೊಪ್ಪಳದ ಗೆಳೆಯ ಆ ಸಂಜೆ ಹುಡುಕುತ್ತಿದ್ದದ್ದು ಈ ಶರಬತ್ತನ್ನೇ. ಹೋದ ತಿಂಗಳು ಎರಡನೇ ಬಾಟಲಿ ತೆಗೆದಾಗ ಅವನು ಕುಡಿಯುವ ಮೊದಲೇ ಲೋಟದ ಮೇಲೆ ಅಂಗೈ ಮುಚ್ಚಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕೂತಿದ್ದ.